ಸುಂಕದ ಕಟ್ಟೆಯಲ್ಲೊಂದು ಪಾಲು: ಪೆಟ್ರೋನೆಟ್ ಎಲ್‌ಎನ್‌ಜಿ ಷೇರಿನ ವಿಮರ್ಶೆ

ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಯೂರೋಪಿನ ದೇಶಗಳು ದ್ರವೀಕೃತ ನೈಸರ್ಗಿಕ ಅನಿಲಕ್ಕೆ (ಎಲ್‌ಎನ್‌ಜಿ) ಮುಗಿಬಿದ್ದು ಬೆಲೆ ಆಕಾಶಕ್ಕೇರಿತ್ತು. ಅನಿಲದ ಬೆಲೆ ಏರಿದರೆ ಅನಿಲದ ಕಂಪನಿಯ ಷೇರೂ ಏರಬೇಕೆಂಬ ಸರಳ ಲೆಕ್ಕದಲ್ಲಿ ಆಗ ನಾನು ಪೆಟ್ರೋನೆಟ್ ಎಲ್‌ಎನ್‌ಜಿಯ ಒಂದಷ್ಟು ಷೇರು ಕೊಂಡೆ. ಲೆಕ್ಕ ತಲೆಕೆಳಗಾಯಿತು. ಕಂಪನಿ ಏನು ಮಾಡುತ್ತದೆಂದು ಓದದೆ ಕೊಂಡದ್ದು ನನ್ನ ತಪ್ಪು. ಅಂದಿನಿಂದ ಅದರ ತ್ರೈಮಾಸಿಕ ಫಲಿತಾಂಶಗಳನ್ನು ಬಿಡದೆ ಓದುತ್ತ ಬಂದಿರುವ ಸಣ್ಣ ಹೂಡಿಕೆದಾರನ ವಿಮರ್ಶೆ ಇದು. ಕೊಳ್ಳಿರೆಂದೋ ಮಾರಿರೆಂದೋ ಸಲಹೆ ಕೊಡುವ ಪರವಾನಗಿ ನನಗಿಲ್ಲ.

ನೈಸರ್ಗಿಕ ಅನಿಲವನ್ನು ಸೊನ್ನೆಗಿಂತ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪಾಗಿಸಿದರೆ ಅದು ದ್ರವವಾಗಿ, ಮೊದಲಿದ್ದ ಗಾತ್ರದ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಡಗಿನಲ್ಲಿ ತುಂಬಿ ತರಲು ಸಾಧ್ಯವಾಗುವುದು ಅದರಿಂದಲೇ. ಹಾಗೆ ಬಂದ ದ್ರವವನ್ನು ಇಳಿಸಿಕೊಂಡು, ಮತ್ತೆ ಅನಿಲವಾಗಿಸಿ, ಕೊಳವೆಗೆ ಬಿಡುವುದು ಪೆಟ್ರೋನೆಟ್‌ನ ಮುಖ್ಯ ಕಸುಬು. ಗುಜರಾತಿನ ದಹೇಜ್‌ನಲ್ಲಿ 2004ರಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಆರಂಭವಾದ ಟರ್ಮಿನಲ್ 2019ರ ಹೊತ್ತಿಗೆ 175 ಲಕ್ಷ ಟನ್ನಿಗೆ ಬೆಳೆಯಿತು. ದೀರ್ಘಾವಧಿ ಒಪ್ಪಂದದ ಅನಿಲದ ಬೆಲೆಯನ್ನು ಕಂಪನಿಯು ಸರ್ಕಾರಿ ಸ್ವಾಮ್ಯದ ಗೇಲ್, ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂಗಳಿಗೆ ಹಾಗೆಯೇ ದಾಟಿಸುತ್ತದೆ. ಅದರ ಗಳಿಕೆಯ ಬಹುಪಾಲು ಅನಿಲೀಕರಣದ ಶುಲ್ಕ. ಹಳೆಯ ಕಾಲದ ಸುಂಕದ ಕಟ್ಟೆಯನ್ನು ನೆನಪಿಸಿಕೊಂಡರೆ ಸಾಕು: ಗಾಡಿಯಲ್ಲಿರುವ ಸರಕಿನ ಬೆಲೆ ಎಷ್ಟೆಂಬುದಕ್ಕಿಂತ ದಿನಕ್ಕೆ ಎಷ್ಟು ಗಾಡಿ ದಾಟಿದವೆಂಬುದು ಅಲ್ಲಿ ಮುಖ್ಯ. 2022ರಲ್ಲಿ ಸರಕು ಎಷ್ಟು ದುಬಾರಿಯಾಯಿತೆಂದರೆ ನಮ್ಮ ದೇಶದ ಖರೀದಿದಾರರು ಗಾಡಿ ಕಟ್ಟುವುದನ್ನೇ ಕಡಿಮೆ ಮಾಡಿದರು.

ಆದ್ದರಿಂದ ಈ ಕಂಪನಿಯ ವಹಿವಾಟಿನ ಮೊತ್ತ ಏರಿತೆಂದು ಹಿಗ್ಗುವುದಾಗಲಿ ಇಳಿಯಿತೆಂದು ಕುಗ್ಗುವುದಾಗಲಿ ವ್ಯರ್ಥ, ಏಕೆಂದರೆ ಆ ಅಂಕಿಯಲ್ಲಿ ಅನಿಲದ ಬೆಲೆಯೂ ಸೇರಿರುತ್ತದೆ. ಫಲಿತಾಂಶದ ಪತ್ರ ಬಂದ ಸಂಜೆ ನಾನು ಮೊದಲು ಹುಡುಕುವುದು ದಹೇಜ್ ಎಷ್ಟು ‘ಟಿಬಿಟಿಯು’ (ಲಕ್ಷ ಕೋಟಿ ಬ್ರಿಟಿಷ್ ಥರ್ಮಲ್ ಯೂನಿಟ್, ಅನಿಲವನ್ನು ಅದರ ಶಾಖಶಕ್ತಿಯಿಂದ ಅಳೆಯುವ ಮಾನ) ಅನಿಲ ನಿರ್ವಹಿಸಿತು ಎಂಬ ಒಂದೇ ಸಾಲನ್ನು. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ 175 ಲಕ್ಷ ಟನ್ನಿನ ಟರ್ಮಿನಲ್‌ಗೆ ಅದು ಮೂರು ತಿಂಗಳಿಗೆ ಸುಮಾರು 225 ಆಗಬೇಕು. ಅಷ್ಟರ ಆಸುಪಾಸಿನಲ್ಲಿದ್ದರೆ ಉಳಿದ ಪುಟಗಳನ್ನು ನಿಧಾನವಾಗಿ ಓದಬಹುದು.

ಕೊಚ್ಚಿಯ ಕಥೆ ಬೇರೆ. 2013ರಲ್ಲಿ ಸಿದ್ಧವಾದ 50 ಲಕ್ಷ ಟನ್ನಿನ ಆ ಟರ್ಮಿನಲ್‌ನಿಂದ ಅನಿಲವನ್ನು ಹೊರಗೆ ಒಯ್ಯಲು ಕೊಳವೆಮಾರ್ಗವೇ ಇರಲಿಲ್ಲ. ಜಮೀನಿನ ವಿಚಾರದಲ್ಲಿ ಕೇರಳ ಮತ್ತು ತಮಿಳುನಾಡುಗಳಲ್ಲಿ ಎದ್ದ ವಿರೋಧದಿಂದಾಗಿ ಅದು ವರ್ಷಗಟ್ಟಲೆ ಹೆಚ್ಚುಕಡಿಮೆ ಖಾಲಿ ಕುಳಿತಿತ್ತು. ಸುಮಾರು 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಗಿ, ಮಂಗಳೂರಿನ ಗೊಬ್ಬರ ಕಾರ್ಖಾನೆಗೂ ಅಲ್ಲಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ಗೂ ಅನಿಲ ತಲುಪುವಂತಾಯಿತು. ಆದರೂ ಕೊಚ್ಚಿ ತನ್ನ ಸಾಮರ್ಥ್ಯದ ಸಣ್ಣ ಭಾಗವನ್ನಷ್ಟೇ ಬಳಸುತ್ತ ಬಂದಿದೆ. ಒಲೆ ಹೂಡಿದರೆ ಸಾಲದು, ಉಣ್ಣುವವರ ಮನೆಗೆ ದಾರಿಯೂ ಇರಬೇಕೆಂಬುದನ್ನು ಹೂಡಿಕೆದಾರರು ಇಲ್ಲಿ ದುಬಾರಿಯಾಗಿ ಕಲಿತರು.

ಲಾಭಾಂಶದ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. 2004ರ ಮೊದಲ ಸಾರ್ವಜನಿಕ ವಿತರಣೆಯಲ್ಲಿ 15 ರೂಪಾಯಿಗೆ ಸಿಕ್ಕ ಒಂದು ಷೇರು, 2017ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟ ಮೇಲೆ ಎರಡಾಯಿತು. 2023–24ನೇ ಸಾಲಿಗೆ ಕಂಪನಿ ಕೊಟ್ಟ ಲಾಭಾಂಶ ಷೇರಿಗೆ 10 ರೂಪಾಯಿ. ಅಂದರೆ ಅಂದು ಅರ್ಜಿ ಹಾಕಿ ಇಂದಿಗೂ ಮಾರದೆ ಕುಳಿತವರಿಗೆ ಹಾಕಿದ ಅಸಲಿಗಿಂತ ಒಂದೇ ವರ್ಷದ ಲಾಭಾಂಶ ಹೆಚ್ಚು. ನನ್ನಂತೆ ತಡವಾಗಿ ಬಂದವರಿಗೆ ಆ ಸುಖವಿಲ್ಲ, ಆದರೂ ಬ್ಯಾಂಕ್ ಖಾತೆಗೆ ತಪ್ಪದೆ ಬೀಳುವ ಹಣ ಷೇರಿನ ಬೆಲೆ ಮಲಗಿದ ದಿನಗಳಲ್ಲಿ ಧೈರ್ಯ ಕೊಡುತ್ತದೆ. ಇದು ಆದಾಯವೆಂದೇ ಪರಿಗಣಿತವಾಗಿ ಅವರವರ ತೆರಿಗೆಯ ದರಕ್ಕೆ ಒಳಪಡುತ್ತದೆ ಎಂಬುದು ಬೇರೆ ಮಾತು.

ನನ್ನ ಮುಖ್ಯ ಆಕ್ಷೇಪ ಮಾಲೀಕತ್ವದ ರಚನೆಗೆ ಸಂಬಂಧಿಸಿದ್ದು. ಗೇಲ್, ಒಎನ್‌ಜಿಸಿ, ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ತಲಾ ಶೇ. 12.5ರಷ್ಟು ಪಾಲು ಹೊಂದಿವೆ, ಇವುಗಳಲ್ಲಿ ಮೂರು ಕಂಪನಿಯ ದೊಡ್ಡ ಗಿರಾಕಿಗಳೂ ಹೌದು. ಕಾದಿರಿಸಿದ ಸಾಮರ್ಥ್ಯವನ್ನು ಬಳಸದಿದ್ದರೂ ಶುಲ್ಕ ಕೊಡಬೇಕೆಂಬ ಕರಾರಿದ್ದಾಗ್ಯೂ ಆ ಬಾಕಿಯ ವಸೂಲಿ ವರ್ಷಗಳ ಕಾಲ ಎಳೆದಾಡಿತು. ಅದಕ್ಕಾಗಿ ತೆಗೆದಿರಿಸಿದ ಮೊತ್ತ ಒಮ್ಮೆ ಲಾಭವನ್ನು ಕುಗ್ಗಿಸಿ, ಇನ್ನೊಮ್ಮೆ ವಾಪಸಾಗಿ ಹಿಗ್ಗಿಸುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆನ್ನುವುದು ಗಾದೆ. ಇಲ್ಲಿ ಗಾಡಿಯವರೇ ಕಟ್ಟೆಯ ಯಜಮಾನರಾದ್ದರಿಂದ ಅವರ ದುಃಖಕ್ಕೆ ಕಿವಿ ಸಿಗುತ್ತದೆ, ಸಣ್ಣ ಷೇರುದಾರನದಕ್ಕೆ ಸಿಗುವುದಿಲ್ಲ. ಇಂಡಿಯನ್ ಆಯಿಲ್‌ಗಂತೂ ಚೆನ್ನೈ ಬಳಿಯ ಎನ್ನೂರಿನಲ್ಲಿ ತನ್ನದೇ ಟರ್ಮಿನಲ್ ಇದೆ.

ಇನ್ನೊಂದು ಆತಂಕ, 2023ರ ಅಕ್ಟೋಬರಿನಲ್ಲಿ ಆಡಳಿತ ಮಂಡಳಿ ಒಪ್ಪಿಗೆಯಿತ್ತ ದಹೇಜ್‌ನ ಪೆಟ್ರೋಕೆಮಿಕಲ್ ಯೋಜನೆ. ಪ್ರೊಪೇನ್ ಅನಿಲದಿಂದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ತಯಾರಿಸುವ ಈ ಘಟಕದ ಅಂದಾಜು ವೆಚ್ಚ 20,685 ಕೋಟಿ ರೂಪಾಯಿ. 2023–24ರಲ್ಲಿ ಕಂಪನಿಯ ನಿವ್ವಳ ಲಾಭ ಸುಮಾರು 3,500 ಕೋಟಿಯಾಗಿದ್ದುದರಿಂದ, ಹೆಚ್ಚುಕಡಿಮೆ ಆರು ವರ್ಷಗಳ ಲಾಭವನ್ನು ತನಗೆ ಪರಿಚಯವಿಲ್ಲದ, ಬೆಲೆ ತೂಗುಯ್ಯಾಲೆಯಾಡುವ ಕಸುಬಿಗೆ ಸುರಿದಂತಾಗುತ್ತದೆ. ಶುಲ್ಕದ ನೆಮ್ಮದಿಗಾಗಿ ಈ ಷೇರನ್ನು ಇಟ್ಟುಕೊಂಡವರು ಮುನಿಸಿಕೊಂಡದ್ದು ಸಹಜ.

ಕತಾರ್‌ನೊಂದಿಗಿನ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದವನ್ನು 2024ರ ಫೆಬ್ರುವರಿಯಲ್ಲಿ ನವೀಕರಿಸಿ, 2028ರಿಂದ ಮುಂದಿನ ಇಪ್ಪತ್ತು ವರ್ಷಗಳಿಗೆ ಭದ್ರಪಡಿಸಿಕೊಂಡದ್ದು ದೊಡ್ಡ ಸಮಾಧಾನ. ಆ ಹಡಗುಗಳು ಹಾರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕೆಂಬ ಅಪಾಯ ಮಾತ್ರ ಯಾವ ಕರಾರಿನಿಂದಲೂ ತಪ್ಪುವಂಥದ್ದಲ್ಲ. ನನ್ನ ಬಳಿ ಇರುವ ಷೇರುಗಳನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ; ಹೊಸದಾಗಿ ಕೊಳ್ಳುವ ಯೋಚನೆಯನ್ನು, ಪಾಲಿಪ್ರೊಪಿಲೀನ್‌ನ ಲಾಭನಷ್ಟ ತ್ರೈಮಾಸಿಕ ಪತ್ರದಲ್ಲಿ ಪ್ರತ್ಯೇಕ ಸಾಲಾಗಿ ಕಾಣುವವರೆಗೆ ಮುಂದೂಡಿದ್ದೇನೆ.