ಕೂಲರ್ ನಿಂತಿದೆ ಅಂತ ಮುಟ್ಟಬೇಡಿ, ಮೊದಲು ಪ್ಲಗ್ ಕೀಳಿ

ರಾಯಚೂರಿನ ಒಂದು ಮನೆ. ಮೇ ತಿಂಗಳ ಮಧ್ಯಾಹ್ನ ತಗಡಿನ ಕೂಲರ್ ಇದ್ದಕ್ಕಿದ್ದಂತೆ ನಿಂತಿತು. ಕರೆಂಟು ಹೋಯಿತು ಅಂದುಕೊಂಡು ಮನೆಯಾಕೆ ಅದೇ ಹೊತ್ತಿಗೆ ನೀರು ತುಂಬಲು ಹೋದರು. ಸ್ಟೀಲ್ ಕೊಡ ತಗಡಿಗೆ ತಾಗಿದ್ದೇ ತಡ, ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ಕೊಡ ಕೈಬಿಟ್ಟಿದ್ದರಿಂದ ಜೀವ ಉಳಿಯಿತು. ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಅಂದರೆ ಎಂಸಿಬಿ, ಬೀಳಲೇ ಇಲ್ಲ.

ಸಾಕೆಟ್ ಬಿಚ್ಚಿದಾಗ ಕಂಡದ್ದು ಎರಡು ಇಂಚಿನ ಕಪ್ಪು ವೈರಿನ ತುಂಡು. ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ಸ್ಕ್ರೂನಿಂದ ಮೇಲಿನ ದೊಡ್ಡ ತೂತಿನ ಅರ್ತ್ (ತಗಡಿನ ಬಾಡಿಯನ್ನು ನೆಲಕ್ಕೆ ಸೇರಿಸುವ ವೈರು) ಸ್ಕ್ರೂಗೆ ಲೂಪ್! ಅರ್ತ್ ವೈರು ಎಳೆಯುವ ಖರ್ಚು ಉಳಿಸಲು ಹೀಗೆ ಮಾಡುತ್ತಾರೆ. ಟೆಸ್ಟರ್ ಹಚ್ಚಿದರೆ ಬಾಡಿಯಲ್ಲಿ ದೀಪ ಹೊತ್ತುವುದಿಲ್ಲ, ಎಲ್ಲ ಸರಿಯಿದೆ ಅನಿಸುತ್ತದೆ. ನ್ಯೂಟ್ರಲ್ ಎಲ್ಲಾದರೂ ಸಡಿಲಾದ ದಿನ ಕೂಲರ್ ನಿಲ್ಲುತ್ತದೆ, ಆದರೆ ಫೇಸ್, ಅಂದರೆ ಕರೆಂಟು ತರುವ ವೈರಿನ ಕರೆಂಟು, ಮೋಟರಿನ ವೈಂಡಿಂಗ್ (ವೈರಿನ ಸುರುಳಿ) ಹಾದು ಅದೇ ತುಂಡಿನ ಮೂಲಕ ತಗಡಿಗೆ ಬಂದು ಕೂತಿರುತ್ತದೆ. ಈ ಮನೆಯಲ್ಲಿ ಸಡಿಲಾಗಿದ್ದದ್ದು ಟೇಪ್ ಸುತ್ತಿದ ಒಂದು ಜಾಯಿಂಟ್.

ಗುಂಡಿ ತೋಡಿ ಅರ್ಥಿಂಗ್ ಮಾಡಿಸಿದ್ದೇವೆ, ಸಾಕು ಅನ್ನುವವರು ಈ ಲೆಕ್ಕ ನೋಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಗುಂಡಿಯ ಅರ್ತ್ ಪೈಪಿನಿಂದ ದೂರ ಸರಿಯುತ್ತದೆ. ಅರ್ತ್ ರೆಸಿಸ್ಟೆನ್ಸ್ (ಕರೆಂಟು ಮಣ್ಣಿಗಿಳಿಯಲು ಎದುರಾಗುವ ತಡೆ) 20 ಓಮ್‌ಗೆ ಏರಿತು ಅನ್ನಿ. ಫೇಸ್ ನೇರವಾಗಿ ಬಾಡಿಗೆ ತಾಗಿದರೂ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಅದಕ್ಕೆ ಅಲುಗುವುದೂ ಇಲ್ಲ. ಅದಕ್ಕೇ, ಕರೆಂಟು ಸ್ವಲ್ಪ ಸೋರಿದರೂ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು. ಅದು ಓವರ್‌ಲೋಡ್ ತಡೆಯುವುದಿಲ್ಲ, ಹಾಗಾಗಿ ಎಂಸಿಬಿಯೂ ಇರಲಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ.

ಹೊಸ ಆರ್‌ಸಿಸಿಬಿ ಪದೇ ಪದೇ ಬಿದ್ದರೆ ‘ಪೀಸ್ ಕೆಟ್ಟಿದೆ’ ಅಂತ ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಬಹಳ ಸಲ ಅದು ಹಿಡಿದು ತೋರಿಸುತ್ತಿರುವುದು ಇದೇ ಲೂಪನ್ನು. ಎಲೆಕ್ಟ್ರಿಷಿಯನ್ ಕೈಲಿ ಹೀಗೆ ಪರೀಕ್ಷೆ ಮಾಡಿಸಿ: ಎಲ್ಲ ಪ್ಲಗ್ ಕಿತ್ತು, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಆಫ್ ಮಾಡಿ, ಸಾಕೆಟ್ಟಿನ ನ್ಯೂಟ್ರಲ್‌ಗೂ ಅರ್ತ್‌ಗೂ ಮಲ್ಟಿಮೀಟರ್ ಹಿಡಿಯಬೇಕು. ಬೀಪ್ ಬಂದರೆ ಒಳಗೆಲ್ಲೋ ಲೂಪ್ ಇದೆ.

ಲೂಪ್ ತೆಗೆದ ಮೇಲೆ 16 ಆಂಪಿಯರ್ ಸಾಕೆಟ್ಟಿಗೆ ಫೇಸ್, ನ್ಯೂಟ್ರಲ್ ಜೊತೆ ಹಸಿರು ಅರ್ತ್ ವೈರನ್ನೂ 2.5 ಚದರ ಮಿಲಿಮೀಟರ್ ತಾಮ್ರದಲ್ಲೇ ಎಳೆಸಿ. ಅರ್ತ್ ಪೈಪ್ ಎರಡೂವರೆ ಮೀಟರ್ ಇರಲಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಬೀಳುತ್ತಿರಲಿ.

ಅಲ್ಲಿಯವರೆಗೆ ಕೂಲರಿಗೆ ನೀರು ಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಫೇಸ್ ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ ಆಫ್ ಇದ್ದಾಗಲೂ ಲೂಪಿನ ಮೂಲಕ ತಗಡಿಗೆ ಕರೆಂಟು ಬರುತ್ತದೆ. ಪ್ಲಗ್ಗನ್ನೇ ಕಿತ್ತಿಟ್ಟು ನೀರು ಹಾಕಿ.