ಮಂಡಿ ನೋವಿಗೆ ಮಾತ್ರೆ ನುಂಗಿ ಜಾಗಿಂಗ್ ಹೋಗಬೇಡಿ

ತಮ್ಮನ ಮಗಳ ನಾಮಕರಣದಲ್ಲಿ ಎಲ್ಲರೂ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಂಡರು. ನಮಗಿಬ್ಬರಿಗೆ ಮಾತ್ರ ಕುರ್ಚಿ. ಒಂದು 82 ವರ್ಷದ ದೊಡ್ಡಪ್ಪನಿಗೆ, ಇನ್ನೊಂದು ನನಗೆ. ನನಗೆ 44.

ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಬಂದಿತ್ತು. ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ ಅದು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಹೊಸಿಲಲ್ಲಿ ನಿಂತಿದೆ ಅಂತ ಲೆಕ್ಕ. ಹೆದರಿಕೆಯಾಯಿತು. ಕಾಲೇಜಿನಲ್ಲಿ ದಿನಾ ಓಡುತ್ತಿದ್ದವನು ನಾನು, ಮತ್ತೆ ಶುರು ಮಾಡಿದರಾಯಿತು ಅಂದುಕೊಂಡೆ. ಅಟ್ಟದ ಮೇಲಿದ್ದ ಆರು ವರ್ಷದ ಶೂ ಇಳಿಸಿ, ಧೂಳು ಒರೆಸಿ, ಮರುದಿನವೇ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋದೆ. "ಈ ವಯಸ್ಸಲ್ಲಿ ಯಾಕಪ್ಪಾ ಓಡ್ತೀಯ, ಸುಮ್ನೆ ನಡಿ" ಅಂದರು ಅಮ್ಮ. ಯಾರು ಕೇಳುತ್ತಾರೆ?

ಮೊದಲ ವಾರ ಅರ್ಧ ದಾರಿಗೇ ಏದುಸಿರು. ಮೂರನೇ ವಾರಕ್ಕೆ ನಿಲ್ಲದೆ ಕೆರೆಯ ಒಂದು ಸುತ್ತು. ಐದನೇ ವಾರ ಎರಡು ಸುತ್ತು, ಅಂದರೆ ಹೆಚ್ಚುಕಮ್ಮಿ 9 ಕಿಲೋಮೀಟರ್. ನಾನು ಮೋಸ ಹೋದದ್ದು ಇಲ್ಲೇ. ದಮ್ಮು ಬೇಗ ಬರುತ್ತದೆ, ಕೆಲವು ವಾರ ಸಾಕು. ಕೀಲು, ಅದರ ಸುತ್ತ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಆ ಭಾರಕ್ಕೆ ಪಳಗಲು ತಿಂಗಳುಗಟ್ಟಲೆ ಬೇಕು. ಉಸಿರು "ಇನ್ನೊಂದು ಸುತ್ತು" ಅನ್ನುತ್ತಿತ್ತು. ಮಂಡಿಯನ್ನು ನಾನು ಕೇಳಲೇ ಇಲ್ಲ.

ಅದು ಹೇಳುತ್ತಿತ್ತು, ಪಾಪ. ಮೊದಲು ಬಲಗಾಲಿನ ಮಂಡಿಚಿಪ್ಪಿನ ಸುತ್ತ ಸಣ್ಣ ನೋವು. ಆಮೇಲೆ ಮನೆಯ ಮೆಟ್ಟಿಲು ಇಳಿಯುವಾಗ ಚುಳ್ಳೆನ್ನುವುದು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಆಫೀಸಿನಲ್ಲಿ ಒಂದು ಗಂಟೆ ಕೂತು ಎದ್ದರೆ ಕಾಲು ಹಿಡಿದುಕೊಳ್ಳುತ್ತಿತ್ತು.

ಕೊಬ್ಬರಿ ಎಣ್ಣೆ ಹಚ್ಚಿ ನೀವಿದ್ದಾಯಿತು, ಸ್ಪ್ರೇ ಹೊಡೆದಿದ್ದಾಯಿತು, ನೀ ಕ್ಯಾಪ್ ಹಾಕಿದ್ದೂ ಆಯಿತು. ಕೊನೆಗೆ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿದೆ. ಚೀಟಿ ಕೇಳದೆ ಡೈಕ್ಲೋಫೆನಾಕ್ ಒಂದು ಸ್ಟ್ರಿಪ್ ಕೊಟ್ಟರು. ಬೆಳಿಗ್ಗೆ ಒಂದು ಮಾತ್ರೆ ನುಂಗಿ ಓಡಿದೆ. ನೋವೇ ಇಲ್ಲ! ಹತ್ತು ದಿನ ಹೀಗೇ ನಡೆಯಿತು. ವಾಸಿಯಾಯಿತು ಅಂತ ನಂಬಿದ್ದೆ ಬೇರೆ.

ಆ ಭಾನುವಾರ ಗೆಳೆಯರು ಚಾಮುಂಡಿ ಬೆಟ್ಟ ಹತ್ತೋಣ ಅಂದರು. ಸಾವಿರ ಮೆಟ್ಟಿಲು ಹತ್ತಿದೆ, ಖುಷಿಯಾಯಿತು. ಇಳಿಯುವಾಗ ಹುಮ್ಮಸ್ಸಿನಲ್ಲಿ ಧಡಧಡ ಓಡಿಕೊಂಡೇ ಬಂದೆ. ಸಂಜೆ ಮಾತ್ರೆಯ ಅಮಲು ಇಳಿಯಿತು. ಮರುದಿನ ಬೆಳಿಗ್ಗೆ ಮಂಡಿ ಊದಿ ಗುಂಡಗಾಗಿತ್ತು. ಕಾಲು ಮಡಚಲು ಆಗಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಮಂಡಿಚಿಪ್ಪಿನ ಹಿಂಭಾಗಕ್ಕೆ ಒತ್ತಡ ಬಿದ್ದು ಕೆರಳಿದೆ, ಓಡುವವರಲ್ಲಿ ತುಂಬಾ ಸಾಮಾನ್ಯ ಅಂದರು ಮೂಳೆ ಡಾಕ್ಟರ್. ಮೆಟ್ಟಿಲು ಇಳಿಯುವಾಗ ಆ ಚಿಪ್ಪಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದಂತೆ. ಮಾತ್ರೆಯ ವಿಷಯ ಹೇಳಿದಾಗ ಮಾತ್ರ ಬೈಗುಳ ಬಿತ್ತು. ಬೆವರಿ ನೀರು ಕಡಿಮೆಯಾದ ಮೈಗೆ ಈ ಮಾತ್ರೆ ಬಿದ್ದರೆ ಕಿಡ್ನಿಗೂ ಹೊಡೆತ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು. ನಾನು ದಿನಾ ಖಾಲಿ ಹೊಟ್ಟೆಯಲ್ಲೇ ನುಂಗಿದ್ದೆ.

ಫಿಸಿಯೋಥೆರಪಿಸ್ಟ್ ನನ್ನ ಮಂಡಿಯನ್ನು ಎರಡು ನಿಮಿಷ ನೋಡಿದರೇನೋ ಅಷ್ಟೆ. ಕನ್ನಡಿ ಮುಂದೆ ಒಂಟಿ ಕಾಲಲ್ಲಿ ನಿಲ್ಲಿಸಿ ಸ್ವಲ್ಪ ಬಗ್ಗಿ ಅಂದರು. ಬಗ್ಗಿದೆ. ಮಂಡಿ ಒಳಕ್ಕೆ ವಾಲಿತು. "ನೋಡಿದ್ರಾ ಸರ್, ಸೊಂಟದ ಪಕ್ಕದ ಸ್ನಾಯುಗೆ ಬಲವೇ ಇಲ್ಲ. ಅದು ಮಾಡಬೇಕಾದ ಕೆಲಸವನ್ನ ಮಂಡಿ ಮಾಡ್ತಿದೆ." ಹದಿನೈದು ವರ್ಷ ಕುರ್ಚಿಯಲ್ಲಿ ಕೂತ ಫಲ. ಶೂ ಹಿಡಿದು ನೋಡಿ ನಕ್ಕರು. ಮೇಲೆ ಚೆನ್ನಾಗಿತ್ತು, ಒಳಗಿನ ಫೋಮ್ ಹಲಗೆಯಂತೆ ಗಟ್ಟಿಯಾಗಿತ್ತು.

ತೊಡೆ ಮತ್ತು ಸೊಂಟದ ವ್ಯಾಯಾಮ, ದಿನಾ ಇಪ್ಪತ್ತು ನಿಮಿಷ. ಮಹಾ ಬೋರು, ಸುಳ್ಳು ಹೇಳಲ್ಲ. ನಾಲ್ಕು ತಿಂಗಳು ಹಿಡಿಯಿತು.

ಈಗ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ, ವಾರಕ್ಕೆ ಮೂರೇ ದಿನ. ಹೆಜ್ಜೆ ಚಿಕ್ಕದಾಗಿ, ಚುರುಕಾಗಿ ಇಡುತ್ತೇನೆ. ಅದರಿಂದ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಹತ್ತಕ್ಕೆ ಎರಡರಷ್ಟು ನೋವಿದ್ದು ಮರುದಿನ ಬೆಳಿಗ್ಗೆಗೆ ಹೋದರೆ ಪರವಾಗಿಲ್ಲ, ಉಳಿದರೆ ಓಟ ಕಡಿಮೆ ಮಾಡಿ ಅಂತ ಹೇಳಿದ್ದಾರೆ. ನಿಮ್ಮ ಮಂಡಿ ಊದಿದರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕೈಕೊಟ್ಟರೆ, ಎಣ್ಣೆ ಸ್ಪ್ರೇ ಅಂತ ಕಾಯಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಊತದ ಜೊತೆ ಜ್ವರವಿದ್ದರಂತೂ ರಾತ್ರಿ ಕಳೆಯಲಿ ಅಂತಲೂ ಕೂರಬೇಡಿ.

ಬೆಟ್ಟ? ಹೋದ ವಾರ ಮತ್ತೆ ಹತ್ತಿದೆ, ನಿಧಾನಕ್ಕೆ, ನಂದಿಯ ಹತ್ತಿರ ಒಂದು ಗಳಿಗೆ ಕೂತು. ಇಳಿಯುವಾಗ ಸಿಟಿ ಬಸ್ಸು.