ಸೌಟಿ ಜಾ ಬುಸಾರಾ: ಟ್ರ್ಯಾಕ್ ಹಾಕಿ ಹಾಡುವಂತಿಲ್ಲ!

ಊರಿನಲ್ಲಿದ್ದಾಗ ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಈಗ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಟ್ರ್ಯಾಕ್, ಅಂದರೆ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ, ಹಾಕಿ ಹಾಡೋದು ಶುರುವಾದ ಮೇಲೆ ದಾವಣಗೆರೆ ಕಡೆಯ ಎಷ್ಟೋ ತಬಲಾ, ಡ್ರಮ್ಸ್‌ನವರು ಕೆಲಸವಿಲ್ಲದೆ ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ 2024ರ ಫೆಬ್ರವರಿಯಲ್ಲಿ ಇಲ್ಲಿನ ಜಾಂಜಿಬಾರ್ ದ್ವೀಪದಲ್ಲಿ ನಡೆಯುವ ಸೌಟಿ ಜಾ ಬುಸಾರಾ ಎಂಬ ಈ ಸಂಗೀತ ಹಬ್ಬಕ್ಕೆ ಹೋದಾಗ ಮನಸ್ಸು ತುಂಬಿ ಬಂತು. ಈ ಹಬ್ಬದಲ್ಲಿ ಟ್ರ್ಯಾಕ್ ನಡೆಯೋದಿಲ್ಲ. ವೇದಿಕೆ ಹತ್ತಿದವರು ನುಡಿಸಲೇಬೇಕು.

ಜಾಗ ಜಾಂಜಿಬಾರ್‌ನ ಹಳೇ ಪಟ್ಟಣ ಸ್ಟೋನ್ ಟೌನ್‌ನ ಹಳೇ ಕೋಟೆ, ಒಮಾನಿನ ಅರಬರು ಕಟ್ಟಿಸಿದ್ದು. ಹೊರಗೆ ಫೊರೋಧಾನಿ ತೋಟದಲ್ಲಿ ಶುಂಠಿ, ನಿಂಬೆ ಹಾಕಿದ ಕಬ್ಬಿನ ಹಾಲು ಸಿಗುತ್ತದೆ. ಕುಡಿದೇ ಒಳಗೆ ಹೋಗಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಾರಬ್ ಅನ್ನೋ ಇಲ್ಲಿನ ಸಂಗೀತ ಪ್ರಕಾರದ ತಂಡವೊಂದರ ಕಾನೂನ್ ಎಂಬ ತಂತಿವಾದ್ಯ. ನಮ್ಮ ಸ್ವರಮಂಡಲದ ಅಣ್ಣ ಅನ್ನಬಹುದು. ತೊಡೆಯ ಮೇಲಿಟ್ಟುಕೊಂಡು, ಎರಡೂ ತೋರುಬೆರಳಿಗೆ ಉಂಗುರದಲ್ಲಿ ಸಿಕ್ಕಿಸಿದ ಮೀಟುಕಡ್ಡಿಯಿಂದ ನುಡಿಸುತ್ತಾರೆ. ಹಾಡು ನಡೆಯುತ್ತಿರುವಾಗಲೇ ಎಡಗೈ ಪಕ್ಕಕ್ಕೆ ಸರಿದು ಪುಟ್ಟ ಕೀಲುಗಳನ್ನು ಎತ್ತಿ ಇಳಿಸಿ ಸ್ವರ ಬದಲಿಸುತ್ತದೆ. ತಾಳ ಒಂಚೂರೂ ಅಲುಗಾಡಲಿಲ್ಲ. ಇದನ್ನು ಟ್ರ್ಯಾಕ್‌ನಲ್ಲಿ ಕೇಳಿದರೆ ಏನು ಬಂತು, ಅಲ್ವಾ?

ಈ ವಾದ್ಯ ಕಲಿಸುವ ಧೌ ಕಂಟ್ರೀಸ್ ಮ್ಯೂಸಿಕ್ ಅಕಾಡೆಮಿ ಇದೇ ಊರಲ್ಲಿದೆ. ಕಲಿತವರಿಗೆ ವೇದಿಕೆಯೂ ಬೇಕಲ್ಲ, ಅದನ್ನು ಈ ಹಬ್ಬ ಕೊಡುತ್ತದೆ. ಹಗಲು ಹೊತ್ತು ಕಲಾವಿದರು, ಕಾರ್ಯಕ್ರಮ ಆಯೋಜಿಸುವವರು ಒಟ್ಟಿಗೆ ಕೂತು ಮಾತಾಡುವ ಸಭೆಗಳೂ ಇರುತ್ತವೆ. 1928ರಲ್ಲಿ ಇಲ್ಲಿನ ತಾರಬ್ ಗಾಯಕಿ ಸಿಟಿ ಬಿಂಟಿ ಸಾದ್ ತನ್ನ ಹಾಡುಗಳ ಧ್ವನಿಮುದ್ರಣಕ್ಕೆ ಬೊಂಬಾಯಿಗೇ ಹೋಗಬೇಕಾಯಿತು. ಈಗ ಹೊರಗಿನವರೇ ಹಾಡು ಕೇಳಲು ಇಲ್ಲಿಗೆ ಬರುತ್ತಾರೆ.

ಸ್ಥಳೀಯರಿಗೆ ಟಿಕೆಟ್ ದರ ತುಂಬಾ ಕಡಿಮೆ. ಇದು ಸರಿಯಾದ ಕೆಲಸ. ಹಾಗಾಗಿ ಪ್ರವಾಸಿಗರ ಜೊತೆಗೆ ಊರಿನ ಹೆಂಗಸರು, ಮಕ್ಕಳು ಎಲ್ಲ ಬಂದಿದ್ದರು. ನಮ್ಮಂಥವರು ಜಾಸ್ತಿ ಕೊಡಬೇಕು. ಕೊಡೋಣ. 2004ರಲ್ಲಿ ಶುರುವಾದ ಹಬ್ಬ 2016ರಲ್ಲಿ ಹಣ ಸಾಲದೆ ನಡೆಯಲೇ ಇಲ್ಲ. ದಾನಿಗಳು ಕೈಬಿಟ್ಟರೆ ಇಷ್ಟೆಲ್ಲ ನಿಂತುಹೋಗುತ್ತದೆ ಅನ್ನೋದೇ ನನ್ನ ಚಿಂತೆ.

ರೂಮ್ ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ನಾವು ಇಳಿದ ಗೆಸ್ಟ್‌ಹೌಸಿನವರು ಹಬ್ಬದ ನೆಪ ಹೇಳಿ, ಮಾತಾಡಿದ್ದಕ್ಕಿಂತ ಹೆಚ್ಚು ಕಿತ್ತರು. ದೊಡ್ಡ ಹೆಸರಿನವರು ಹಾಡೋದು ರಾತ್ರಿ ತಡವಾಗಿ. ಆದರೂ ಸಂಜೆಯೇ ಹೋಗಿ ಕೂತುಬಿಡಿ, ಊರಿನ ಚಿಕ್ಕ ತಂಡಗಳಿಗೂ ಕೇಳುಗರು ಬೇಕು.